ತೊಡೆಯೊಳಗಿನ ತಂತಿಬಲೆ

ಗುಡಗೇರಿಯ ಸಂತೆಯಲ್ಲಿ ಪಾತ್ರೆ ಕೊಳ್ಳುವ ಯಾವ ಹೆಂಗಸೂ ಅದನ್ನು ಬೆರಳಗಂಟಿನಿಂದ ಬಾರಿಸಿ ನೋಡದೆ ಚೀಲಕ್ಕೆ ಹಾಕುವುದಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮ್ಯಾನರ್ಸಿನ ದೆಸೆಯಿಂದ ನಾನೊಬ್ಬಳು ಮಾತ್ರ ಅಂಗಡಿಯವನ ಮಾತನ್ನೇ ನಂಬಿ, ಸೋರುವ ಕೊಡಗಳನ್ನು ಸಗೌರವವಾಗಿ ಮನೆಗೆ ತಂದವಳು. ಇಂಥ ನನ್ನ ತೊಡೆಯ ರಕ್ತನಾಳದಲ್ಲಿ ಕಳೆದ ವರ್ಷ ಹುಬ್ಬಳ್ಳಿಯ ಡಾಕ್ಟರು ಸ್ಟೆಂಟ್ ಕೂರಿಸಿದಾಗ, ಅದು ಯಾವ ಲೋಹವೆಂದು ವಿಚಾರಿಸಿಕೊಂಡೆನೇ ಹೊರತು ಪರೀಕ್ಷಿಸುವ ಉಸಾಬರಿಗೆ ಹೋಗಲಿಲ್ಲ.

ಆ ಹೊಣೆಯನ್ನು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಗಂಗವ್ವ ಹೊತ್ತಳು.

“ಸ್ಟೀಲೇನ್ರಿ ಅಕ್ಕಾರ, ತಾಮ್ರೇನ್ರಿ?”

“ನಿಕ್ಕಲ್ಲು, ಟೈಟಾನಿಯಂ ಕೂಡಿಸಿದ್ದವಾ. ಸಣ್ಣ ತಂತಿ ಬಲಿ. ಹೆಂಗ ಮಣಿಸಿದರೂ ಮತ್ತ ತನ್ನ ಆಕಾರಕ್ಕ ಬರ್ತೈತಂತ.”

“ಅಗದಿ ನಿಮ್ಮಂಥಾದ್ದ ಸಿಕ್ಕೇತಿ ಬಿಡ್ರಿ! ತುಕ್ಕ?”

“ಹಿಡ್ಯಾಂಗಿಲ್ಲ.”

“ಹಂಗಾರ ದಾರ್ಯಾಗ ನಿಂತ ನಿಂತ ಯಾಕ ಬರ್ತೀರಿ?”

ತಿಂಗಳಿನಿಂದ ನಡೆಯುವಾಗ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಹಿಡಿದಾಗಲೆಲ್ಲ ಹತ್ತಿರದ ಮನೆಯ ಕಟ್ಟೆಯ ಮುಂದೆ ನಿಂತು, ಅಲ್ಲಿ ಕೂತವರ ಮಕ್ಕಳು, ಎಮ್ಮೆ, ಹತ್ತಿ ಬೆಳೆ, ಎಲ್ಲದರ ಕ್ಷೇಮಸಮಾಚಾರ ವಿಚಾರಿಸಿ ನೋವು ಇಳಿಯುವವರೆಗೆ ಕಾಲಹರಣ ಮಾಡುತ್ತಿದ್ದೆ. ವೃದ್ಧಾಪ್ಯದಲ್ಲಿ ನಾನು ತೀರ ಸೋಶಿಯಲ್ ಆಗಿರುವೆನೆಂದು ಊರು ನಂಬಿತ್ತು. ಸ್ಟೆಂಟ್ ಮುಚ್ಚಿಕೊಂಡರೆ ಬೈಪಾಸ್ ಆಪರೇಶನ್ನೇ ಗತಿಯೆಂದು ಡಾಕ್ಟರು ಮೊದಲೇ ಹೇಳಿದ್ದುದರಿಂದ, ಫಾಲೋ-ಅಪ್ ಸ್ಕ್ಯಾನಿಗೆ ಹೋಗುವ ಧೈರ್ಯ ನನಗಿರಲಿಲ್ಲ.

ಗಂಗವ್ವನೇ ಎಳೆದೊಯ್ದಳು. ತಂತಿ ಎಲ್ಲಾದರೂ ಮುರಿದಿದೆಯೇ ಎಂದು ಎಕ್ಸ್‌-ರೇ ತೆಗೆದರು. ಆಮೇಲೆ ತೊಡೆಗೆ ತಣ್ಣನೆಯ ಜೆಲ್ ಸವರಿ ಡಾಪ್ಲರ್ ಸ್ಕ್ಯಾನ್ ಮಾಡುವಾಗ, ನನ್ನದೇ ರಕ್ತ ಹರಿಯುವ ಸದ್ದು ಯಂತ್ರದೊಳಗಿಂದ ಕೋಣೆಯ ತುಂಬ ಬುಸ್ಸೆಂದು ಬುಸುಗುಟ್ಟಿತು. ಇಷ್ಟು ವರ್ಷ ಇಷ್ಟೊಂದು ಗದ್ದಲ ಮಾಡಿಕೊಂಡು ಓಡಾಡಿದವಳೇ ನಾನು?

“ಸ್ಟೆಂಟ್ ಛಲೋ ಐತ್ರಿ ಮೇಡಮ್,” ಎಂದರು ಡಾಕ್ಟರು. “ಅದರ ಕೆಳಗ ನಿಮ್ಮ ಸ್ವಂತ ರಕ್ತನಾಳ ಸಣ್ಣಾಗೇತಿ. ಸದ್ಯಕ್ಕ ಆಪರೇಶನ್ ಬ್ಯಾಡ. ಗುಳಿಗಿ ತಗೋರಿ, ದಿನಾ ನಡೀರಿ. ನೋವು ಜಾಸ್ತಿ ಆದ್ರ ನಿಂದರ್ರಿ, ಇಳದಮ್ಯಾಲ ಮತ್ತ ನಡೀರಿ.”

ಪರಕೀಯ ಲೋಹವನ್ನು ಒಂದು ತಿಂಗಳು ಶಂಕಿಸಿದೆ. ಅದು ನಿಯತ್ತಿನಿಂದ ದಾರಿ ತೆರೆದಿಟ್ಟಿತ್ತು. ಹುಟ್ಟಿನಿಂದ ಜೊತೆಗಿದ್ದುದೇ ಸದ್ದಿಲ್ಲದೆ ಸೊರಗಿತ್ತು. ಸ್ವಂತದ್ದೆಂದ ಮಾತ್ರಕ್ಕೆ ನಾವು ಯಾವುದರ ಯೋಗಕ್ಷೇಮವನ್ನೂ ಕೇಳುವುದಿಲ್ಲ, ಅಲ್ಲವೇ?

ಮರುದಿನ ಮುಂಜಾನೆ ಇಬ್ಬರೂ ಸ್ಟೇಶನ್ ರಸ್ತೆ ಹಿಡಿದೆವು. ನೋವು ಜಾಸ್ತಿಯಾಗುತ್ತಲೇ ನಾನು ಅಭ್ಯಾಸಬಲದಿಂದ ಪಕ್ಕದ ಕಟ್ಟೆಯತ್ತ ತಿರುಗಿದೆ.

“ಅವರ ಎಮ್ಮಿ ಆರಾಮೈತ್ರಿ,” ಎಂದಳು ಗಂಗವ್ವ. “ಕಾಲ ನೋಯಾಕತ್ತೇತಿ ಅನ್ರಿ. ನಿಂದ್ರೂಣು.”

“ನೋಯಾಕತ್ತೇತಿ,” ಎಂದೆ. ನಡುರಸ್ತೆಯಲ್ಲೇ, ಯಾರನ್ನೂ ಏನನ್ನೂ ವಿಚಾರಿಸದೆ, ಇಬ್ಬರೂ ನಿಂತೆವು.