ಆರು ಗುಂಡಿಯ ಅಂಗಿ

ನಮ್ಮ ಕೋರ್ಟಿನ ಮಾಲುಕೋಣೆ ನೋಡಿಕೊಳ್ಳುತ್ತಿದ್ದ ಚಲುವಯ್ಯನವರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ನನ್ನ ಮೇಲಂತೂ ಇಲ್ಲವೇ ಇಲ್ಲ. ನಾನು ಬರೀ ಟೈಪಿಸ್ಟ್, ಆದರೂ ಕೊಲೆ ಕೇಸಿನ ಚಾಕು, ರಕ್ತದ ಬಟ್ಟೆ ತುಂಬಿದ ಆ ಕೋಣೆಯ ಬಳಿ ಸುಳಿದರೆ ಸಾಕು, "ಏನ್ರೀ ಸುಕನ್ಯ, ಏನ್ ಬೇಕಿತ್ತು?" ಎಂದು ಗುರಾಯಿಸುತ್ತಿದ್ದರು. ಮೈಯೆಲ್ಲ ಉರಿದುಹೋಗುತ್ತಿತ್ತು.

ಅವರು ಬೈಯಪ್ಪನಹಳ್ಳಿಯ ಒಕ್ಕಲು ಮನೆತನದವರು. ಮನೆಯಲ್ಲಿ ದನ ಇಲ್ಲದೆ ಎಷ್ಟೋ ವರ್ಷವಾಗಿತ್ತು, ದನ ಕಟ್ಟುವ ಗಂಟನ್ನು ಮಾತ್ರ ಕೈ ಮರೆತಿರಲಿಲ್ಲ. ವಿಚಾರಣೆಯಲ್ಲಿ ಅರಗಿನ ಮುದ್ರೆ ಒಡೆದ ಮೇಲೆ ಪ್ರತಿ ಮಾಲಿನ ಕಟ್ಟಿಗೂ ಅದೇ ಗಂಟು ಹಾಕಿಡುತ್ತಿದ್ದರು. ಯಾರಾದರೂ ಕದ್ದು ಬಿಚ್ಚಿದರೆ ಮತ್ತೆ ಹಾಗೇ ಕಟ್ಟಲು ಬರಬಾರದು, ಅಷ್ಟೇ ಉಪಾಯ.

೧೯೯೮ರಲ್ಲಿ, ಅಪೀಲಿನ ಅವಧಿ ಮುಗಿದ ಹಳೆಯ ಕೇಸುಗಳ ಮಾಲು ಸುಡಲು ಆದೇಶವಾಯಿತು. ಸುಡುವ ಹಿಂದಿನ ದಿನ ಪಟ್ಟಿಯೊಂದಿಗೆ ತಾಳೆ ನೋಡುತ್ತ ಚಲುವಯ್ಯನವರು ಒಂದು ಕಟ್ಟಿನ ಮುಂದೆ ನಿಂತುಬಿಟ್ಟರು. ಶಿವಾಜಿನಗರದ ಹಮೀದಾ ಅವರ ಮಗ ಮುದಸ್ಸಿರ್ ಕೊಲೆಯಾದಾಗ ತೊಟ್ಟಿದ್ದ ಬಿಳಿ ಅಂಗಿ ಅದು.

"ಇದು ನನ್ ಗಂಟಲ್ಲ. ಅಂಗಡೀಲಿ ಪಾರ್ಸೆಲ್ ಕಟ್ಟೋರ ಗಂಟು. ಶೌಕತ್!"

ನಮ್ಮ ಜವಾನ ಶೌಕತ್ ಜವಳಿ ಅಂಗಡಿಯವರ ಮಗ. ಬಿಚ್ಚಿ ನೋಡಿದರೆ ಅಂಗಿ ಇತ್ತು. ಪಟ್ಟಿಯಲ್ಲಿ ಗುಂಡಿ ಆರು, ಅಂಗಿಯಲ್ಲಿ ಐದು.

ಶೌಕತ್ ಅತ್ತೇಬಿಟ್ಟ. "ಆಯಮ್ಮ ಅಂಗಿ ಕೊಡಿ ಅಂತ ಅರ್ಜಿ ಹಾಕಿದ್ರು ಸಾರ್, ಆಗಲ್ಲ ಅಂದ್ರು. ಗುಂಡಿ ಅವರೇ ಹೊಲಿದಿದ್ದಂತೆ. ಹೆಂಗೂ ಸುಟ್ಟೋಗೋದಲ್ವಾ, ಒಂದು ಕಿತ್ಕೊಟ್ಬಿಟ್ಟೆ."

"ಇನ್ನೂ ಏನೇನ್ ಸಾಗಿಸಿದ್ದೀಯೋ ಯಾರಿಗ್ಗೊತ್ತು!" ಚಲುವಯ್ಯನವರು ಸಂಜೆವರೆಗೂ ಕೋಣೆಯ ಅಷ್ಟೂ ಕಟ್ಟುಗಳನ್ನು ನೋಡಿದರು. ಉಳಿದುದೆಲ್ಲ ಅವರದೇ ಗಂಟು. ಆದರೂ ಈ ಒಂದು ಗುಂಡಿಯ ವಿಷಯ ಜಡ್ಜ್ ಸಾಹೇಬರಿಗೆ ಬರೆದುಕೊಟ್ಟರೆ ಶೌಕತ್‌ನ ಕೆಲಸ ಹೋದಂತೆಯೇ. ಈ ಮನುಷ್ಯ ಬರೆದೇ ಬರೆಯುತ್ತಾರೆ ಅಂದುಕೊಂಡೆ. ಅವತ್ತು ಅವರ ಮುಖ ನೋಡಲೂ ನನಗೆ ಮನಸ್ಸಾಗಲಿಲ್ಲ.

ಮರುದಿನ ಹನ್ನೊಂದಕ್ಕೆ ಕೋರ್ಟಿನ ಹಿಂದೆ ಬೆಂಕಿ ಹಾಕಿದರು. ಸಾಹೇಬರ ಎದುರು ಚಲುವಯ್ಯನವರು ಒಂದೊಂದೇ ಮಾಲು ಎತ್ತಿ ತೋರಿಸಿ ಹೇಳಿದರು, ನಾನು ಬರೆದುಕೊಂಡೆ.

"ಬಿಳಿ ಅಂಗಿ ಒಂದು. ಗುಂಡಿ..." ಎಂದು ತಡೆದರು. ಶೌಕತ್ ನೆಲ ನೋಡುತ್ತಿದ್ದ.

"ಆರು. ಬರ್ಕೊಳ್ರೀ ಸುಕನ್ಯ."

ತಲೆ ಎತ್ತಿದೆ. ಆರನೆಯದು ಇತ್ತು, ಕಪ್ಪು ದಾರದಲ್ಲಿ ಒರಟಾಗಿ ಹೊಲಿದದ್ದು. ಅಂಗಿ ಬೆಂಕಿಗೆ ಬಿತ್ತು. ಚಲುವಯ್ಯನವರ ಅಂಗಿಯ ಎದೆಯ ಹತ್ತಿರ ಗುಂಡಿ ಇರಲಿಲ್ಲ. ಅಲ್ಲಿ ಪಿನ್ನು ಚುಚ್ಚಿಕೊಂಡಿದ್ದರು.

"ಏನ್ರೀ ಹಂಗ್ ನೋಡ್ತೀರಾ? ಮುಂದಿಂದು ಬರ್ಕೊಳ್ರೀ!" ಎಂದು ಗುರಾಯಿಸಿದರು.

ಬರೆದುಕೊಂಡೆ.