ಓಗಕ್ಕಾ, ಓದಕ್ಕಾ?

ಹಾಸನದಿಂದ ಹೊಳೆನರಸೀಪುರಕ್ಕೆ ಬರುವ ಐದು ಗಂಟೆ ಬಸ್ಸಿನ ಕಂಡಕ್ಟರಿಗೆ ಹಾಸನದ ಪ್ರತಿ ಕಾಲೇಜಿನ ಒಳಗುಟ್ಟೂ ಗೊತ್ತಿತ್ತು. ಪಿಯುಸಿ ರಿಸಲ್ಟು ಬಂತೆಂದರೆ ಮಕ್ಕಳ ಅಪ್ಪಂದಿರು ಅವರನ್ನು ಮುತ್ತಿಕೊಳ್ಳುತ್ತಿದ್ದರು. ಅವರೋ ಕನ್ನಡಕವನ್ನು ಹಣೆಗೇರಿಸಿ ಎಲ್ಲರಿಗೂ ಒಂದೇ ಪ್ರಶ್ನೆ ಹಾಕುತ್ತಿದ್ದರು: "ಓಗಕ್ಕಾ, ಓದಕ್ಕಾ?" ಹಕಾರ ಹೊರಳದ ಅವರ ಬಾಯಲ್ಲಿ ಹೋಗುವುದಕ್ಕೂ ಓದುವುದಕ್ಕೂ ಒಂದೇ ಅಕ್ಷರದ ಅಂತರ.

ನಾನು ಮಾರನೆಯ ದಿನ ಸೇರಬೇಕೆಂದಿದ್ದ ಕಾಲೇಜಿನ ಮುಂದೆ ಕಾರಂಜಿಯಿತ್ತು. ಬಸ್ಸು ಹತ್ತಿದವಳೇ ಮೊಬೈಲಿನಲ್ಲಿ ಅದರ ಫೋಟೊವನ್ನು ಕಂಡಕ್ಟರಿಗೆ ತೋರಿಸಿದೆ.

"ಚೆಂದಾಗದೆ ಕಣವ್ವ. ಓಗಕ್ಕಾದ್ರೆ ಇದೇ ಸರಿ. ಓದಕ್ಕಾದ್ರೆ, ಇಂದ್ಗಡೆ ಆ ಉಡ್ಗೀರ ಪಕ್ಕ ಕೂತ್ಕೋ, ಓಗು."

ಹಿಂದಿದ್ದವರು ಬಣ್ಣ ಕಾಣದ ಸರ್ಕಾರಿ ಕಾಲೇಜಿನವರು. ಕ್ಲಾಸಿನ ಜಗಳವನ್ನು ಬಸ್ಸಿಗೂ ಹತ್ತಿಸಿಕೊಂಡಿದ್ದರು.

"ಬೇರು ನೀರನ್ನ ತಳ್ಳುತ್ತೆ ಕಣೇ."

"ಇಲ್ಲ, ಎಲೆ ಎಳ್ಕೊಳುತ್ತೆ," ಎಂದು ಇನ್ನೊಬ್ಬಳು ಬಾಟಲಿಗೆ ಸ್ಟ್ರಾ ಇಳಿಸಿ ಹೀರಿ ತೋರಿಸಿದಳು.

ತಡೆಯಲಾಗದೆ ನಾನೂ ಬಾಯಿ ಹಾಕಿದೆ. "ಹಂಗಾದ್ರೆ ತೆಂಗಿನ ಮರದಲ್ಲಿ ಅಷ್ಟೆತ್ತರಕ್ಕೆ ಎಳನೀರು ಹೆಂಗೆ ಏರುತ್ತೆ?"

ಇಬ್ಬರೂ ನನ್ನ ಮೇಲೆ ಮುಗಿಬಿದ್ದರು. ನಾನೂ ಬಿಡಲಿಲ್ಲ. ಮೇಡಮ್ಮನ್ನೇ ಕೇಳೋಣ, ನಾಳೆ ನೀನೂ ಬಾ ಎಂದರು. ಆಯಿತು ಎಂದೆ.

ಅಷ್ಟರಲ್ಲಿ ಸೀಟಿ ಕೇಳಿ ಬಸ್ಸು ನಿಂತಿತು. ಕಂಡಕ್ಟರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನೇ ನೋಡುತ್ತಾ ನಗುತ್ತಿದ್ದರು.

"ನಿನ್ ಸ್ಟಾಪು ಆಗ್ಲೇ ಓಯ್ತು ಕಣವ್ವ. ಕಾಲೇಜು ಸಿಕ್ತು. ಇಳಿ."