ರಘು ಮಾಮನ ಬೆರಳು

ಫೋನು ಇನ್ನೂ ಅಡುಗೆಮನೆಯ ಗೋಡೆ ಬಿಟ್ಟು ಕದಲದಿದ್ದ ಕಾಲ ಅದು. ತೊಂಬತ್ತರ ದಶಕದ ಮೊದಲ ವರ್ಷಗಳು. ಸಿಡ್ನಿಯ ಟೂಂಗಾಬಿಯಲ್ಲಿ ನಮ್ಮದು ಇಟ್ಟಿಗೆಯ ಬಾಡಿಗೆ ಮನೆ. ಡಿಸೆಂಬರ್ ಬಂತೆಂದರೆ ಅಲ್ಲಿ ಬೇಸಿಗೆ, ಹಿತ್ತಲ ಹುಲ್ಲು ಒಣಗಿ ಪಾದಕ್ಕೆ ಚುಚ್ಚುತ್ತಿತ್ತು. ಪಕ್ಕದವರ ಬಾರ್ಬೆಕ್ಯೂ ಹೊಗೆಯೂ ನಮ್ಮ ಚಿತ್ರಾನ್ನದ ಒಗ್ಗರಣೆಯೂ ಬೇಲಿಯ ಮೇಲೆ ಕಲೆಯುತ್ತಿದ್ದವು. ನನಗಾಗ ಹತ್ತು ವರ್ಷ.

ಆ ಬೇಸಿಗೆಗೆ ರಘು ಮಾಮ ಬಂದ. ಅಮ್ಮನ ತಮ್ಮ. ಮೈಸೂರಿನಲ್ಲಿ ಓದು ಮುಗಿಸಿ ಕೆಲಸಕ್ಕೆಂದು ನೈರೋಬಿಗೆ ಹೋದವನು ಅಲ್ಲೇ ನೆಲೆನಿಂತು ಕೀನ್ಯಾ ತಂಡದ ವಿಕೆಟ್ ಕೀಪರ್ ಆಗಿಬಿಟ್ಟಿದ್ದ. ದೊಡ್ಡ ತಂಡಗಳು ಆಗಿನ್ನೂ ಅವರ ಜೊತೆ ಆಡಲು ಮನಸ್ಸು ಮಾಡುತ್ತಿರಲಿಲ್ಲ. ಸಣ್ಣ ದೇಶಗಳ ಟೂರ್ನಿ ಒಂದು ಸಿಕ್ಕರೆ ಅದೇ ಅವರಿಗೆ ಹಬ್ಬ. ಫೆಬ್ರವರಿಯಲ್ಲಿ ಅಂಥದ್ದೊಂದಿತ್ತು. ಅದಕ್ಕೆ ತಯಾರಾಗಲೆಂದೇ ಮಾಮ ಇಲ್ಲಿನ ಒಂದು ಕ್ಲಬ್ಬಿನಲ್ಲಿ ಆಡಲು ಬಂದಿದ್ದ. "ವಯಸ್ಸು ಮೂವತ್ತನಾಲ್ಕು. ಇದು ಬಿಟ್ರೆ ಇನ್ನಿಲ್ಲ," ಎಂದು ಅಪ್ಪ ಅಮ್ಮನಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು.

ಮಾಮ ಕೂತಲ್ಲಿ ಕೂರುವವನಲ್ಲ. ಊಟಕ್ಕೆ ಕೂತರೂ ಮೇಜಿನ ಕೆಳಗೆ ಕಾಲು ಕುಣಿಯುತ್ತಿತ್ತು. ತಟ್ಟೆಗೆ ಚಪಾತಿ ಬೀಳುವಷ್ಟರಲ್ಲಿ ಎರಡು ಸಲ ಎದ್ದು ಲೆಟರ್‌ಬಾಕ್ಸ್ ನೋಡಿ ಬರುತ್ತಿದ್ದ.

"ಭಾನುವಾರ ಪೋಸ್ಟ್ ಬರಲ್ಲ ಕಣೋ," ಎಂದು ಅಮ್ಮ ರೇಗುತ್ತಿದ್ದಳು.

"ಗೊತ್ತಕ್ಕ. ಸುಮ್ನೆ ನೋಡಿದೆ."

ಮನೆಯಲ್ಲಿ ಎಲ್ಲರಿಗೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ನಾನು ಮಾಮನ ಹತ್ತಿರ ಮಾತ್ರ ಕನ್ನಡದಲ್ಲೇ ಮಾತಾಡುತ್ತಿದ್ದೆ. ಇಲ್ಲದಿದ್ದರೆ ಅವನು ಆಟಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಆಟವೆಂದರೆ ಇಷ್ಟೇ: ನಾನು ಟೆನಿಸ್ ಬಾಲನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಗ್ಯಾರೇಜಿನ ಗೋಡೆಗೆ ಎಸೆಯಬೇಕು. ಅದು ಎತ್ತ ಪುಟಿದರೂ ಅವನು ಹಿಡಿಯಬೇಕು. ಮುಖಕ್ಕೆಲ್ಲ ನೀರು ಸಿಡಿಯುತ್ತಿತ್ತು. "ಇನ್ನೂ ಜೋರಾಗಿ ಹಾಕು ಪುಟ್ಟಿ, ಕೈಯಲ್ಲಿ ಶಕ್ತಿ ಇಲ್ವಾ?" ಎಂದು ಕೆಣಕುತ್ತಿದ್ದ.

ಜನವರಿಯ ಒಂದು ಶನಿವಾರ ಕ್ಲಬ್ಬಿನ ಮ್ಯಾಚಿನಲ್ಲಿ ಬಾಲು ಅವನ ಬಲಗೈಯ ಉಂಗುರ ಬೆರಳಿಗೆ ಬಡಿಯಿತು. ಅಮ್ಮನ ಹತ್ತಿರ ಉಳುಕು ಎಂದ. ಸೋಮವಾರ ನನ್ನನ್ನು ಕರೆದುಕೊಂಡು, ಅಪ್ಪನ ಸ್ನೇಹಿತರಾದ ಡಾಕ್ಟರ್ ಅಂಕಲ್ ಕ್ಲಿನಿಕ್ಕಿಗೆ ನಡೆದ. ಅವರು ಎಕ್ಸ್‌ರೇ ತೆಗೆಸಿ ನೋಡಿ, "ಮೂಳೆ ಮುರಿದಿದೆ ರಘು. ಆರು ವಾರ ಗ್ಲೋವ್ಸ್ ಮುಟ್ಟಬೇಡ," ಎಂದರು. ಟೂರ್ನಿಗೆ ಉಳಿದದ್ದು ನಾಲ್ಕೇ ವಾರ.

ದಾರಿಯಲ್ಲಿ ಮಾಮ ನಿಂತು ನನ್ನ ಎದುರು ಕುಕ್ಕರಗಾಲಿನಲ್ಲಿ ಕೂತ. "ಇದು ನಮ್ಮಿಬ್ಬರಲ್ಲೇ ಇರ್ಲಿ. ಅಮ್ಮಂಗೂ ಹೇಳ್ಬೇಡ."

ಅಂದಿನಿಂದ ದಿನಾ ಬೆಳಿಗ್ಗೆ ಬಟ್ಟೆ ಒಗೆಯುವ ಕೋಣೆಯಲ್ಲಿ ನಾನು ಟೇಪು ಕತ್ತರಿಸಿ ಕೊಡುತ್ತಿದ್ದೆ. ಅವನು ಮುರಿದ ಬೆರಳನ್ನು ಪಕ್ಕದ ಬೆರಳಿಗೆ ಕಟ್ಟಿಕೊಳ್ಳುತ್ತಿದ್ದ. ಸಂಜೆ ಆಟ ನಿಲ್ಲಲಿಲ್ಲ. ಬಾಲು ತಾಗಿದಾಗ ತುಟಿ ಕಚ್ಚುತ್ತಿದ್ದ, ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ "ಇನ್ನೊಂದು" ಎನ್ನುತ್ತಿದ್ದ. ಅಷ್ಟು ಧೈರ್ಯದ ಮನುಷ್ಯನನ್ನು ನಾನು ನೋಡಿರಲಿಲ್ಲ. ಅದನ್ನು ಯಾರಿಗಾದರೂ ಹೇಳಬೇಕೆನಿಸುತ್ತಿತ್ತು, ಹೇಳುವಂತಿರಲಿಲ್ಲ.

ಒಂದು ಸಂಜೆ ಫೋನು ಬಡಿದುಕೊಂಡಿತು. ಅಮ್ಮ ಅಂಗಡಿಗೆ ಹೋಗಿದ್ದಳು, ಮಾಮ ಸ್ನಾನಕ್ಕೆ. ನಾನೇ ಎತ್ತಿದೆ. ನೈರೋಬಿಯಿಂದ ತಂಡದ ಮ್ಯಾನೇಜರು. ತಾತನಂಥ ಮೆದು ದನಿ.

"ಏನಮ್ಮಾ, ನಿನ್ನ ಮಾಮ ಚೆನ್ನಾಗಿ ಪ್ರಾಕ್ಟೀಸ್ ಮಾಡ್ತಿದಾನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನನಗೆ ಹೆಮ್ಮೆ ತಡೆಯಲಾಗಲಿಲ್ಲ. "ದಿನಾ ಮಾಡ್ತಾನೆ. ಬೆರಳು ಮುರಿದಿದ್ರೂ ಒಂದು ಬಾಲೂ ಬಿಡಲ್ಲ," ಎಂದುಬಿಟ್ಟೆ.

"ಮಾಮನಿಗೆ ಫೋನು ಕೊಡಮ್ಮಾ," ಎಂದರು ಅವರು. ಅಷ್ಟರಲ್ಲಿ ಮಾಮ ತಲೆ ಒರೆಸಿಕೊಳ್ಳುತ್ತಾ ಬಂದು ಫೋನು ತೆಗೆದುಕೊಂಡ. "ನೋ ಸರ್, ಸಣ್ಣ ಪೆಟ್ಟು... ಇಲ್ಲ ಸರ್, ನಾನು ಆಡಬಲ್ಲೆ..." ಆಮೇಲೆ ಬರೀ ಕೇಳಿಸಿಕೊಳ್ಳುತ್ತಾ ನಿಂತ. ಕೂದಲಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಅಮ್ಮ ಬಂದಾಗ ನಾನು ಮೂಲೆಯಲ್ಲಿ ಅಳುತ್ತಿದ್ದೆ. "ಏನು ಮಾಡಿದ್ಲೋ? ಸುಳ್ಳು ಹೇಳಿದ್ಲಾ?" ಎಂದು ಕೇಳಿದಳು.

"ಇಲ್ಲಕ್ಕ. ನಿಜಾನೇ ಹೇಳಿದಾಳೆ," ಎಂದ ಮಾಮ. ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಟೂರ್ನಿಗೆ ಇನ್ನೊಬ್ಬ ಕೀಪರ್ ಹೋದ, ಹತ್ತೊಂಬತ್ತರ ಹುಡುಗ. ಆಮೇಲೆ ಎಷ್ಟೋ ವರ್ಷ ಆ ಜಾಗ ಅವನದೇ ಆಯಿತು. ಮಾಮ ನನ್ನನ್ನು ಬೈಯಲಿಲ್ಲ. ಮೂರು ದಿನ ಹಿತ್ತಲಿಗೆ ಬರಲೂ ಇಲ್ಲ. ನಾಲ್ಕನೆಯ ದಿನ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು, "ಹಾಕು ಪುಟ್ಟಿ, ಎಡಗೈಲಿ ಹಿಡೀತೀನಿ," ಎಂದ. ನನಗೆ ಎಸೆಯಲಾಗಲಿಲ್ಲ. ಬಾಲನ್ನು ಅವನ ಕೈಗೇ ಕೊಟ್ಟು ಒಳಗೆ ಓಡಿದೆ.

ಮುಂದೆ ಅವನು ಮೆಲ್ಬರ್ನಿಗೆ ಹೋಗಿ ಅಲ್ಲಿನ ಕ್ಲೇಟನ್ ಬಡಾವಣೆಯಲ್ಲಿ ಕೆಲಸ ಹಿಡಿದ, ಮದುವೆಯಾದ. ಎಲ್ಲರೂ ಸೆಟ್ಲ್ ಆದ ಎಂದರು. ದೇಶಕ್ಕಾಗಿ ಮತ್ತೆ ಆಡಲಿಲ್ಲ.

ನನ್ನ ಮದುವೆಯ ಹಿಂದಿನ ದಿನ ಧೈರ್ಯ ಮಾಡಿ ಕೇಳಿದೆ: "ಮಾಮ, ಅವತ್ತು ನಾನು ಹೇಳದೇ ಇದ್ದಿದ್ರೆ?"

"ಯಾವತ್ತು?" ಎಂದ ಅವನು. "ನನಗೇನೂ ನೆನಪಿಲ್ಲಮ್ಮ."

ನೆನಪಿತ್ತು. ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನೂ ನಂಬಿದವಳ ಹಾಗೆ ನಕ್ಕೆ.

ಆ ಬೇಸಿಗೆಯಲ್ಲಿ ಅವನು ಒಂದು ದೇಶವನ್ನು ಕಳೆದುಕೊಂಡ. ನಾನು ಕಳೆದುಕೊಂಡದ್ದು ಅಷ್ಟು ದೊಡ್ಡದಲ್ಲ. ಯಾರನ್ನಾದರೂ ಮೆಚ್ಚಿಕೊಂಡರೆ ತಕ್ಷಣ ಬಾಯಿಬಿಟ್ಟು ಹೇಳುವ ಅಭ್ಯಾಸವೊಂದು ನನಗಿತ್ತು. ಅದು ಮತ್ತೆ ಬರಲಿಲ್ಲ.